ಮೋಡ ಕಟ್ಟುವವನು

ಕುಮಾರಪಟ್ಟಣದ ಆ ಚಿಕ್ಕ ಸ್ಟುಡಿಯೋದಲ್ಲಿ ಮೋಡವೊಂದಕ್ಕೆ ಐವತ್ತು ರೂಪಾಯಿ. ಬಿಳಿಯ ಮೋಡಕ್ಕೂ ಅಷ್ಟೇ, ಮಳೆ ತುಂಬಿದ ಕರಿಯ ಮೋಡಕ್ಕೂ ಅಷ್ಟೇ; ಸಂಜೆಗೆಂಪಿನ ಮೋಡ ಬೇಕೆನ್ನುವವರು ಮಾತ್ರ ಇನ್ನೂ ಇಪ್ಪತ್ತು ಕೊಡಬೇಕು. ಏಕೆಂದರೆ ಆಗ ಚಿತ್ರದಲ್ಲಿರುವವರ ಮುಖದ ಮೇಲೂ ಒಂದಿಷ್ಟು ಕೆಂಪನ್ನು ಸವರಬೇಕಾಗುತ್ತದೆ. ಗೋಡೆಗೆ ಅಂಟಿಸಿದ ದರಪಟ್ಟಿಯಲ್ಲಿ ಈ ಕೆಲಸವು ‘ಬ್ಯಾಕ್‌ಗ್ರೌಂಡ್ ಚೇಂಜ್’ ಎಂಬ ಗಂಭೀರವಾದ ಹೆಸರಿನಿಂದ ನಮೂದಾಗಿದೆಯಾದರೂ ಗಿರಾಕಿಗಳು ಆ ಹೆಸರಿನ ಗೊಡವೆಗೆ ಹೋಗುವುದಿಲ್ಲ. “ಮ್ಯಾಲೆ ಒಂದೀಟು ಮೋಡ ಹಾಕ್ರಿ” ಎನ್ನುತ್ತಾರೆ, ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿರೆನ್ನುವ ಧಾಟಿಯಲ್ಲಿ.

ಹಾಕುವವನು ಇಪ್ಪತ್ತಾರು ವರ್ಷದ ತರುಣ. ಮದುವೆಯ ಆಲ್ಬಮ್ಮುಗಳ ‘ಮಿಕ್ಸಿಂಗ್’ ಅವನ ಮುಖ್ಯ ಕಸುಬು. ಒಳಕೋಣೆಯಲ್ಲಿ ಕಿಟಕಿಗೆ ಕರಿಯ ಬಟ್ಟೆ ಕಟ್ಟಿ, ಕಂಪ್ಯೂಟರಿನ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತಿರುತ್ತಾನೆ. ಹೊರಗೆ ಬಿಸಿಲಿದೆಯೋ, ಮಳೆ ಹನಿಯುತ್ತಿದೆಯೋ ಅವನಿಗೆ ತಿಳಿಯದು. ದಿನವಿಡೀ ಆಕಾಶವನ್ನು ಕಟ್ಟುವವನಿಗೆ ಆಕಾಶವನ್ನು ನೋಡಲು ಪುರಸತ್ತಿಲ್ಲ. ಅವನ ಮನೆತನ ಒಕ್ಕಲುತನದ್ದು. ಮೂರು ಎಕರೆ ಮಳೆಯಾಶ್ರಯದ ಹೊಲವಿದೆ. ಹಿಂದೆ ಅವನ ತಂದೆ ರೋಹಿಣಿಯಿಂದ ಸ್ವಾತಿಯವರೆಗಿನ ಮಳೆಗಳನ್ನು ನೆಂಟರ ಹೆಸರುಗಳಂತೆ ಎಣಿಸಿ, ಯಾರು ಬಂದರು, ಯಾರು ಕೈಕೊಟ್ಟರು ಎಂದು ಲೆಕ್ಕವಿಡುತ್ತಿದ್ದನಂತೆ. ಮಗನಿಗೆ ಆ ಲೆಕ್ಕ ಬೇಡವೆನಿಸಿತು. ಹೊಲವನ್ನು ಲಾವಣಿಗೆ ಕೊಟ್ಟು ಅವನು ಈ ಕತ್ತಲೆಯ ಕೋಣೆಯನ್ನು ಸೇರಿದ.

ಕುಮಾರಪಟ್ಟಣವನ್ನು ಕಾಣದವರಿಗೆ ಅದರ ಆಕಾಶದ ಬಗ್ಗೆ ಒಂದು ಮಾತು ಹೇಳಬೇಕು. ಊರು ಇರುವುದು ತುಂಗಭದ್ರೆಯ ದಂಡೆಯಲ್ಲಿ. ಆಚೆ ದಡದಲ್ಲಿ ಹರಿಹರ. 1956ರವರೆಗೆ ಆ ದಡ ಮೈಸೂರಿನದು, ಈ ದಡ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯದು, ಹೊಳೆಯೊಂದೇ, ಸರಕಾರಗಳೆರಡು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಧಾರವಾಡದ ನಂಟೂ ಕಳಚಿತು. ಆಚೆ ದಡದ ಗುಡಿಯಲ್ಲಿ ಹೊಯ್ಸಳರ ಕಾಲದಿಂದ ನಿಂತಿರುವ ಹರಿಹರೇಶ್ವರನು ಅರ್ಧ ವಿಷ್ಣು, ಅರ್ಧ ಶಿವ. ಎರಡು ಮೂರ್ತಿಗಳನ್ನು ಒಂದೇ ದೇಹದಲ್ಲಿ, ನಡುವಣ ಗೆರೆ ಕಾಣದಂತೆ ಕೂಡಿಸಿದ ಆ ಶಿಲ್ಪಿಯನ್ನು ಮಿಕ್ಸಿಂಗ್ ಕಸುಬಿನವರು ತಮ್ಮ ಕುಲಗುರುವೆಂದು ಕರೆದುಕೊಂಡರೆ ಯಾರೂ ಆಕ್ಷೇಪಿಸಲಾರರು.

ಈಚೆ ದಡದ ಹೆಗ್ಗುರುತು ಮಾತ್ರ ಗುಡಿಯಲ್ಲ, ಚಿಮಣಿ. 1970ರ ದಶಕದಲ್ಲಿ ಇಲ್ಲಿ ತಲೆಯೆತ್ತಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿಯಂಥ ಮರಗಳನ್ನು ಅರೆದು ತಿರುಳು ಮಾಡುತ್ತದೆ. ಆ ತಿರುಳಿನಿಂದ ಹತ್ತಿಯನ್ನು ಹೋಲುವ ಬೆಳ್ಳನೆಯ ನಾರು ಹುಟ್ಟುತ್ತದೆ. ಮರವು ಹತ್ತಿಯಾಗುವ ಊರು ಅದು! ಆದ್ದರಿಂದ ಕುಮಾರಪಟ್ಟಣದ ಬಾನಿನಲ್ಲಿ ಎರಡು ಜಾತಿಯ ಮೋಡಗಳು ಕಾಣಿಸುತ್ತವೆ: ಪಡುವಣದಿಂದ ತೇಲಿ ಬರುವುದೊಂದು, ಚಿಮಣಿಯಿಂದ ಮೇಲೇಳುವುದೊಂದು. ಕಾಳಿದಾಸನು ಮೇಘದ ಸಾಮಗ್ರಿಗಳಲ್ಲಿ ಹೊಗೆಯನ್ನೂ ಒಂದೆಂದು ಎಣಿಸಿದ್ದಾನೆ. ಆದರೆ ಸ್ಟುಡಿಯೋಕ್ಕೆ ಬರುವವರಿಗೆ ಕವಿಸಮ್ಮತಿ ಸಾಲದು. ಹೊಳೆದಂಡೆಯಲ್ಲಿ ಮದುಮಕ್ಕಳನ್ನು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಹೊಗೆಯ ಎಳೆಯೊಂದು ಕಂಡರೆ ಅದನ್ನು ಅಳಿಸಿ, ಅದೇ ಜಾಗಕ್ಕೆ ಮೋಡ ಹಾಕಬೇಕೆಂದು ಅವರು ಕೇಳುತ್ತಾರೆ. ಬಣ್ಣದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ತರುಣನು ಎಷ್ಟೋ ಬಾರಿ ಆ ಹೊಗೆಯನ್ನೇ ಹಿಗ್ಗಿಸಿ, ಬುಡದ ಚಿಮಣಿಯನ್ನಷ್ಟೇ ಮರೆಮಾಡಿ, ಮೋಡವೆಂದು ಕೊಟ್ಟು ಐವತ್ತು ರೂಪಾಯಿ ಎಣಿಸಿಕೊಂಡದ್ದುಂಟು.

ಛಾಯಾಚಿತ್ರದಲ್ಲಿ ಆಕಾಶ ಬಡವಾಗುವುದು ಇಂದಿನ ರೋಗವಲ್ಲ. ನೆಲಕ್ಕಿಂತ ಬಾನಿನ ಬೆಳಕು ಹಲವು ಪಟ್ಟು ಹೆಚ್ಚು. ನೆರಳಿನಲ್ಲಿರುವ ಕಪ್ಪು ಮುಖವೊಂದು ಸ್ಪಷ್ಟವಾಗಿ ಮೂಡಬೇಕಾದರೆ ಕ್ಯಾಮರಾ ಹೆಚ್ಚು ಬೆಳಕನ್ನು ಕುಡಿಯಬೇಕು. ಅಷ್ಟರಲ್ಲಿ ಬಾನು ಬೆಳ್ಳಗೆ ಬೆಂದು ಹೋಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳಂತೂ ನೀಲಿ ಬಣ್ಣಕ್ಕೆ ಅತಿಯಾಗಿ ಮರುಳಾಗುತ್ತಿದ್ದವು; ಆದ್ದರಿಂದ ಅಂದಿನ ಚಿತ್ರಗಳಲ್ಲಿ ಆಕಾಶವೆಂಬುದು ಬರಿಯ ಕಾಗದ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು 1857ರ ಸುಮಾರಿಗೆ ಇದಕ್ಕೊಂದು ಉಪಾಯ ಹೂಡಿದ. ಕಡಲಿಗೊಂದು ನೆಗೆಟಿವ್, ಮುಗಿಲಿಗೊಂದು ನೆಗೆಟಿವ್. ಕಡಲನ್ನು ಮುದ್ರಿಸುವಾಗ ಮುಗಿಲಿನ ಭಾಗವನ್ನು ಮುಚ್ಚಿ, ಮುಗಿಲನ್ನು ಮುದ್ರಿಸುವಾಗ ಕಡಲನ್ನು ಮುಚ್ಚಿ, ದಿಗಂತದ ಗೆರೆಯಲ್ಲಿ ಎರಡನ್ನೂ ಬೆಸೆದ. ಜನ ಬೆರಗಾದರು. ಚೋದ್ಯವೆಂದರೆ ಒಂದೇ ಮುಗಿಲನ್ನು ಅವನು ಬೇರೆ ಬೇರೆ ಕಡಲುಗಳ ಮೇಲೆ ಹೊದಿಸಿದ್ದುಂಟು. ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರಿಗೆ ಆ ಗುಟ್ಟು ಸಿಕ್ಕಿತು.

ಕುಮಾರಪಟ್ಟಣದಲ್ಲಿಯೂ ಆ ಪದ್ಧತಿ ಸುಖವಾಗಿ ಬಾಳುತ್ತಿದೆ. ತರುಣನ ಕಂಪ್ಯೂಟರಿನಲ್ಲಿ ‘ಮುಗಿಲು’ ಎಂಬ ಹೆಸರಿನ ಫೋಲ್ಡರೊಂದಿದೆ. ಅದರಲ್ಲಿ ಆನೆಯ ಬೆನ್ನಿನಂಥ ಒಂದು ದಪ್ಪ ಮೋಡವಿದ್ದು, ಅದು ಈಗಾಗಲೇ ಸುತ್ತಣ ಊರುಗಳ ಅನೇಕ ಮದುವೆಗಳಿಗೆ, ಎರಡು ಗೃಹಪ್ರವೇಶಗಳಿಗೆ, ಒಂದು ಜಾತ್ರೆಯ ಫ್ಲೆಕ್ಸಿಗೆ ಆಗಮಿಸಿ ಶೋಭೆ ತಂದಿದೆ. ಕರೆದಲ್ಲೆಲ್ಲ ಬರುವ ಮೋಡ! ಇಷ್ಟು ವಿಧೇಯವಾದ ಮೋಡವನ್ನು ಯಾವ ಒಕ್ಕಲಿಗನೂ ಕಂಡಿರಲಾರ.

ಸ್ಟುಡಿಯೋದ ಒಡೆಯರು ವೃದ್ಧರು. ಅವರು ಕಲಿತದ್ದು ಕೆಂಪು ದೀಪದ ಕತ್ತಲೆಕೋಣೆಯಲ್ಲಿ. ಅವರ ಕಾಲದಲ್ಲಿ ಮೋಡವನ್ನು ಹತ್ತಿಯಿಂದ ಮಾಡುತ್ತಿದ್ದರು. ಎನ್‌ಲಾರ್ಜರಿನಿಂದ ಬೆಳಕು ಕಾಗದದ ಮೇಲೆ ಬೀಳುವಾಗ ನಡುವೆ ಗಾಜಿನ ತುಂಡೊಂದನ್ನು ಹಿಡಿದು, ಅದರ ಮೇಲೆ ಹಿಂಜಿದ ಅರಳೆಯನ್ನು ಹರಡಿದರೆ, ಅರಳೆ ತಡೆದ ಕಡೆ ಕಾಗದವು ಬೆಳ್ಳಗೆ ಉಳಿಯುತ್ತದೆ. ಅರಳೆಯ ಎಳೆಗಳ ನಡುವೆ ನುಸುಳಿದ ಬೆಳಕು ಬೂದು ಬಣ್ಣ ಕೊಡುತ್ತದೆ. ಗಾಜನ್ನು ಅಲುಗಿಸುತ್ತ ಇರಬೇಕು, ನಿಲ್ಲಿಸಿದರೆ ಹತ್ತಿ ಹತ್ತಿಯಾಗಿಯೇ ಕಾಣುತ್ತದೆ. ಮುಖವನ್ನು ಕಾಯಲು ರಟ್ಟನ್ನು ಕತ್ತರಿಸಿ ಮುಚ್ಚಳ ಮಾಡಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು, ಒಳಾಂಗಣದಲ್ಲಿಯೇ ಚಿತ್ರ ತೆಗೆಯುತ್ತಿದ್ದಾಗ, ನಾಟಕ ಕಂಪನಿಯ ಪರದೆಗಳಂತೆ ಬಣ್ಣ ಬಳಿದ ಬಟ್ಟೆ ಹಿಂದೆ ತೂಗುತ್ತಿತ್ತು: ಮೆಟ್ಟಿಲು, ಹೂಕುಂಡ, ಮೇಲೆ ನಾಲ್ಕು ಮೋಡ. ಆ ಪರದೆ ಇನ್ನೂ ಅಟ್ಟದ ಮೇಲಿದೆ. ಇಲಿಗಳು ಮೋಡಗಳನ್ನು ಬಿಟ್ಟು ಮೆಟ್ಟಿಲನ್ನು ಮಾತ್ರ ತಿಂದಿವೆ.

ಅವರ ರಟ್ಟು ಮತ್ತು ಅರಳೆಗಳ ಕೆಲಸವನ್ನೇ ತರುಣನು ಇಂದು ಫೋಟೋಶಾಪಿನಲ್ಲಿ ಮಾಡುತ್ತಾನೆ. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸೋದರರು ರೂಪಿಸಿದ ಆ ತಂತ್ರಾಂಶವು 1990ರಲ್ಲಿ ಪೇಟೆಗೆ ಬಂದಿತು. ಒಂದರ ಮೇಲೊಂದು ಗಾಜಿನ ಹಾಳೆಗಳಂತೆ ಜೋಡಿಸುವ ‘ಲೇಯರು’ಗಳು ಅದಕ್ಕೆ ಕೂಡಿಕೊಂಡದ್ದು 1994ರಲ್ಲಿ. ಅದರ ಮಾತುಗಳೆಲ್ಲ ಕತ್ತಲೆಕೋಣೆಯಿಂದ ಮತ್ತು ಅಚ್ಚುಕೂಟದಿಂದ ಎರವು ಪಡೆದಂಥವು. ಹಿರಿಯರು ಒಂದು ದಿನ ಹಿಂದೆ ನಿಂತು ನೋಡಿ, “ಇದೇನು ಹೊಸಾದಲ್ಲ ಬಿಡು, ರಟ್ಟು ಕತ್ತರಿಸೋದು ತಪ್ಪೇತಿ ಅಷ್ಟ” ಎಂದು ಹೊರಗೆ ಹೋದರು.

ಅಷ್ಟೇ ಅಲ್ಲವೆಂಬುದು ಕೆಲಸವನ್ನು ನೋಡಿದರೆ ತಿಳಿಯುತ್ತದೆ. ಮೊದಲು ‘ಸೆಲೆಕ್ಷನ್’, ಅಂದರೆ ಆಯ್ಕೆ. ಆಕಾಶವೆಲ್ಲಿ ಮುಗಿಯುತ್ತದೆ, ನೆಲವೆಲ್ಲಿ ತೊಡಗುತ್ತದೆ ಎಂಬುದನ್ನು ಯಂತ್ರಕ್ಕೆ ತೋರಿಸಬೇಕು. ತೋರಿಸಿದ ಭಾಗದ ಸುತ್ತ ಚುಕ್ಕೆಗಳ ಸಾಲೊಂದು ಇರುವೆಗಳಂತೆ ಹರಿದಾಡತೊಡಗುತ್ತದೆ. ಮನೆಯ ಮಾಳಿಗೆ, ಗೋಡೆ ಇವುಗಳ ಅಂಚು ಸುಲಭ. ಕಷ್ಟವಿರುವುದು ಜಾಲಿಯ ಮರದಲ್ಲಿ. ಅದರ ಸಣ್ಣ ಎಲೆಗಳ ನಡುವಿನ ಸಾವಿರ ಕಂಡಿಗಳಲ್ಲಿ ಸಾವಿರ ಚೂರು ಆಕಾಶಗಳಿರುತ್ತವೆ. ಅದಕ್ಕೆ ತರುಣನು ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು ಬಿಡಿಸಿ ನೋಡುತ್ತಾನೆ. ನೀಲಿಯ ಪದರದಲ್ಲಿ ಬಾನು ಬೆಳ್ಳಗೆ, ಎಲೆ ಕಪ್ಪಗೆ ಕಾಣುತ್ತವೆ. ಅದರದೊಂದು ನಕಲು ತೆಗೆದು, ಬಿಳಿಯನ್ನು ಇನ್ನಷ್ಟು ಬಿಳಿಯಾಗಿಸಿ, ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿದರೆ ಮರವು ತನ್ನ ಅಂಚನ್ನು ತಾನೇ ಬರೆದುಕೊಡುತ್ತದೆ. 2020ರಿಂದ ಈಚೆಗೆ ಒಂದೇ ಒತ್ತಿಗೆ ಆಕಾಶವನ್ನು ಬದಲಿಸುವ ಅನುಕೂಲವೂ ಬಂದಿದೆ. ಅವಸರದ ಕೆಲಸಕ್ಕೆ ಅವನು ಅದನ್ನು ಬಳಸುತ್ತಾನೆ. ಆದರೆ ಜಾಲಿಯ ಮರ ಮತ್ತು ಮುದುಕರ ಗಾಳಿಗೆದ್ದ ಕೂದಲು ಇರುವಲ್ಲಿ ಅದನ್ನು ನಂಬುವುದಿಲ್ಲ.

ಆಯ್ಕೆಯಿಂದ ಹುಟ್ಟುವುದು ‘ಮಾಸ್ಕ್’. ಇದಕ್ಕೆ ‘ಮುಖವಾಡ’ವೆಂದು ಕನ್ನಡಿಸುವುದುಂಟು, ಆದರೆ ‘ಮುಸುಕು’ ಎಂಬುದೇ ಸರಿಯಾದ ಮಾತು. ಮುಖವಾಡವು ಬೇರೊಂದು ಮುಖವನ್ನು ತೋರಿಸುತ್ತದೆ. ಮುಸುಕು ಇದ್ದದ್ದನ್ನು ಮರೆಸುತ್ತದೆ, ಅಷ್ಟೆ. ಮುಸುಕಿನಲ್ಲಿ ಬಿಳಿ ಇರುವಲ್ಲಿ ಪದರವು ಕಾಣುತ್ತದೆ, ಕಪ್ಪು ಇರುವಲ್ಲಿ ಅಡಗುತ್ತದೆ, ಬೂದು ಇರುವಲ್ಲಿ ಅರೆಬರೆಯಾಗಿ ತೋರುತ್ತದೆ. ಅಡಗಿದ್ದು ಅಳಿದಿರುವುದಿಲ್ಲ. ಕಪ್ಪನ್ನು ಒರಸಿ ಬಿಳಿ ಬಳಿದರೆ ಅದು ಇದ್ದಲ್ಲಿಯೇ ಮರಳಿ ಏಳುತ್ತದೆ. ಇನ್ನು ಕನ್ನಡದ ಒಕ್ಕಲಿಗನ ಬಾಯಲ್ಲಿ ಮೋಡ ಏನು ಮಾಡುತ್ತದೆ? ಕಟ್ಟುತ್ತದೆ, ಕವಿಯುತ್ತದೆ, ಮುಸುಕುತ್ತದೆ. ಭಾಷೆಯು ಎಂದೋ ಆಡಿದ ಮಾತನ್ನು ಈ ಹುಡುಗ ಅಕ್ಷರಶಃ ನಡೆಸುತ್ತಿದ್ದಾನೆ.

ಏಕೆಂದರೆ ಅವನು ಮೋಡವನ್ನು ಮಾಡುವುದು ಮುಸುಕಿನಿಂದಲೇ. ಬಾನಿನ ಭಾಗದ ಮೇಲೆ ಬರಿಯ ಬಿಳಿಯ ಪದರವೊಂದನ್ನು ಹಾಸಿ, ಅದಕ್ಕೊಂದು ಮುಸುಕು ತೊಡಿಸಿ, ಆ ಮುಸುಕಿನೊಳಗೆ ‘ಕ್ಲೌಡ್ಸ್’ ಎಂಬ ಸಲಕರಣೆಯನ್ನು ಓಡಿಸುತ್ತಾನೆ. ಕ್ಷಣಾರ್ಧದಲ್ಲಿ ಕಪ್ಪು ಬಿಳುಪಿನ ಮಬ್ಬೊಂದು ಅಲ್ಲಿ ಹರಡಿಕೊಳ್ಳುತ್ತದೆ. ಇಂಥ ಮಬ್ಬಿನ ಹಿಂದಿರುವ ಗಣಿತದ ಕಥೆ ರಂಜಕವಾದದ್ದು. 1982ರಲ್ಲಿ ತೆರೆಕಂಡ ‘ಟ್ರಾನ್’ ಎಂಬ ಚಲಚ್ಚಿತ್ರಕ್ಕೆ ದುಡಿದ ಕೆನ್ ಪರ್ಲಿನ್ ಎಂಬ ಅಮೆರಿಕದ ತಜ್ಞನಿಗೆ ಕಂಪ್ಯೂಟರ್ ಬರೆದ ಚಿತ್ರಗಳು ಅತಿಯಾಗಿ ನಯವಾಗಿವೆ, ಯಾಂತ್ರಿಕವಾಗಿವೆ ಎನಿಸಿತು. ಪ್ರಕೃತಿಯಲ್ಲಿ ಯಾವುದೂ ಅಷ್ಟು ನಯವಿರುವುದಿಲ್ಲವಷ್ಟೆ? ಗೊತ್ತುಗುರಿಯಿಲ್ಲದ ಅಂಕಿಗಳನ್ನು ಅಕ್ಕಪಕ್ಕದವಕ್ಕೆ ಹೊಂದುವಂತೆ ಮೆತ್ತಗೆ ಬೆಸೆದು, ದೊಡ್ಡ ಅಲೆಯ ಮೇಲೆ ಅದರರ್ಧದ ಅಲೆ, ಅದರ ಮೇಲೆ ಮತ್ತೂ ಅರ್ಧದ ಅಲೆ ಎಂದು ಪೇರಿಸುತ್ತ ಹೋದರೆ ಕಲ್ಲು, ಹೊಗೆ, ಮೋಡ ಎಲ್ಲವೂ ಮೂಡುತ್ತವೆಂದು ಅವನು ತೋರಿಸಿಕೊಟ್ಟ. 1985ರಲ್ಲಿ ಅದನ್ನು ಪ್ರಕಟಿಸಿದ. 1997ರಲ್ಲಿ ಆಸ್ಕರ್ ಅಕಾಡೆಮಿಯವರು ಅವನಿಗೆ ತಾಂತ್ರಿಕ ಪ್ರಶಸ್ತಿಯನ್ನಿತ್ತರು.

ಆದರೆ ಯಂತ್ರವು ಕೊಡುವ ಮಬ್ಬು ಇನ್ನೂ ಮೋಡವಲ್ಲ, ಗೋಡೆಯ ಮೇಲಿನ ಸುಣ್ಣದ ಕಲೆಯಂತೆ ಚಪ್ಪಟೆಯಾಗಿರುತ್ತದೆ. ತರುಣನು ಅದರ ಮೇಲಂಚನ್ನು ಎಳೆದು ಅಗಲಿಸಿ, ದಿಗಂತದ ಕಡೆ ಕುಗ್ಗಿಸುತ್ತಾನೆ. ತಲೆಯ ಮೇಲಿನ ಮೋಡ ದೊಡ್ಡದು, ದೂರದ್ದು ಚಿಕ್ಕದಾಗಿ ಒತ್ತೊತ್ತಾಗಿರಬೇಕು. ‘ಲಾಸೋ’ ಎಂಬ ದಾರದಂಥ ಗೆರೆಯಿಂದ ಗುಡ್ಡೆಗಳನ್ನು ಸುತ್ತುವರಿದು ಆರಿಸಿ, ಅಂಚನ್ನು ಮೂವತ್ತು ನಾಲ್ವತ್ತು ಚುಕ್ಕೆಗಳಷ್ಟು ಮೆದುಗೊಳಿಸಿ, ಬೂದುಬಣ್ಣದ ಇನ್ನೊಂದು ಪದರದಿಂದ ಬುಡಕ್ಕೆ ನೆರಳು ಕೊಡುತ್ತಾನೆ. ಮಳೆಮೋಡಕ್ಕೆ ಬುಡವೇ ಮುಖ್ಯ. ಚಿತ್ರದಲ್ಲಿರುವವರ ಮೂಗಿನ ನೆರಳು ಎಡಕ್ಕೆ ಬಿದ್ದಿದ್ದರೆ ಮೋಡದ ಬಲಗೆನ್ನೆ ಹೊಳೆಯಬೇಕು. ಈ ಒಂದು ನಿಯಮವನ್ನು ಮರೆತವರ ಮೋಡಗಳು ಎಷ್ಟು ಅಂದವಾಗಿದ್ದರೂ ನೋಡುವವರ ಮನಸ್ಸಿನಲ್ಲಿ ಏನೋ ಕಸಿವಿಸಿಯನ್ನು ಹುಟ್ಟಿಸುತ್ತವೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಲದಲ್ಲಿ ಬೆಳೆದ ಹುಡುಗ. ಕಣ್ಣು ಕಂಡದ್ದನ್ನು ಕೈ ಮರೆತಿರಲಿಲ್ಲ.

2023ರಲ್ಲಿ ಈ ಕಸುಬಿಗೆ ಒಂದು ವಿಚಿತ್ರ ಸುಗ್ಗಿ ಬಂದಿತು. ಆ ವರ್ಷ ಮುಂಗಾರು ತಡವಾಯಿತು, ಜೂನ್ ತಿಂಗಳು ಬಹುಮಟ್ಟಿಗೆ ಒಣಗಿಯೇ ಹೋಯಿತು, ಆಗಸ್ಟಿನಲ್ಲಿ ಮಳೆ ಮತ್ತೆ ಮುಖ ತಿರುಗಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತು. ರಾಣೆಬೆನ್ನೂರಿನ ಶಾಸಕ ಪ್ರಕಾಶ ಕೋಳಿವಾಡರು ಮುಂದಾಗಿ, ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಿಂದ ವಿಮಾನ ಹಾರಿಸಿ ಜಿಲ್ಲೆಯ ಮೇಲೆ ಮೋಡ ಬಿತ್ತನೆ ಮಾಡಿಸಿದರು. 2017ರಲ್ಲಿ ಸರಕಾರವೇ ‘ವರ್ಷಧಾರೆ’ ಎಂಬ ಹೆಸರಿನಿಂದ ಅಂಥದೇ ಪ್ರಯತ್ನ ಮಾಡಿತ್ತು. ಬಿತ್ತನೆಯೆಂಬ ಹೆಸರು ಚೆನ್ನಾಗಿದೆ. ಆದರೆ ವಿಮಾನವು ಮೋಡವನ್ನು ಹುಟ್ಟಿಸಲಾರದು. ಇರುವ ಮೋಡದೊಳಕ್ಕೆ ಸಿಲ್ವರ್ ಅಯೊಡೈಡಿನಂಥ ಲವಣದ ಕಣಗಳನ್ನು ತೂರಿ, ಹನಿಗಳು ಅದರ ಸುತ್ತ ಕೂಡಿಕೊಳ್ಳಲೆಂದು ಹಾರೈಸಬಹುದು. ಬಾನೇ ಬರಿದಾಗಿದ್ದರೆ ಬಿತ್ತುವುದೆಲ್ಲಿ? ಬರಿದಾದ ಬಾನಿನಲ್ಲಿ ಮೋಡವನ್ನು ಹುಟ್ಟಿಸಬಲ್ಲವನು ತಾಲ್ಲೂಕಿಗೆಲ್ಲ ಆ ತರುಣನೊಬ್ಬನೇ ಆಗಿದ್ದ. ಆ ವರ್ಷ ತೆಗೆದ ಹೊರಾಂಗಣದ ಚಿತ್ರಗಳಲ್ಲೆಲ್ಲ ಬಾನು ದೂಳು ತುಂಬಿ ಬಿಳಿಚಿಕೊಂಡಿತ್ತು. ಬಂದವರೆಲ್ಲ ಮೋಡ ಬೇಡಿದರು. ‘ಮುಗಿಲು’ ಫೋಲ್ಡರು ಆ ಬರಗಾಲದಲ್ಲಿ ತುಂಬಿ ತುಳುಕಿತು.

ಮುಂದಿನ ಮಾತು ಅದಾದ ಎರಡು ವರ್ಷಗಳ ನಂತರದ್ದು. ತಾಯಿ ಮಗ ಇಬ್ಬರು ಹಳ್ಳಿಯಿಂದ ಬಂದರು. ಮನೆಯ ಯಜಮಾನ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದ ಪುಣ್ಯತಿಥಿಗೆ ದೊಡ್ಡದೊಂದು ಫೋಟೋ ಕಟ್ಟಿಸಬೇಕಾಗಿತ್ತು. ಇದ್ದದ್ದು ಒಂದೇ ಒಳ್ಳೆಯ ಚಿತ್ರ, ಅದೂ ಮಗನ ಮೊಬೈಲಿನಲ್ಲಿ ತೆಗೆದದ್ದು, 2023ರ ಜೂನ್ ತಿಂಗಳಿನಲ್ಲಿ. ಹರಗಿ ಹದಮಾಡಿಟ್ಟ ಹೊಲದ ಬದುವಿನ ಮೇಲೆ ಆತ ಎದೆಗೆ ಕೈಕಟ್ಟಿ ನಿಂತಿದ್ದ. ತಲೆಗೆ ರುಮಾಲು. ಒಂದು ಪಕ್ಕದಲ್ಲಿ ಜಾಲಿಯ ಮರ. ಅದರ ಬೊಡ್ಡೆಗೆ ಒರಗಿಸಿಟ್ಟ ಕೂರಿಗೆ. ಮುಖವು ಚೆನ್ನಾಗಿ ಮೂಡಿತ್ತು. ಮೇಲಿನ ಅರ್ಧ ಚಿತ್ರ ಬರಿಯ ಬಿಳುಪು.

“ಮ್ಯಾಲೆ ಚಲೋ ಮಳಿಮೋಡ ಹಾಕ್ರಿ ಅಣ್ಣಾರ, ನಮ್ಮಪ್ಪಗ ಮಳಿ ಅಂದ್ರ ಜೀವ” ಎಂದ ಮಗ. ತಾಯಿ ಬಾಗಿಲ ಬಳಿಯ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದಳು, ಏನೂ ಹೇಳಲಿಲ್ಲ.

ತರುಣನಿಗೆ ಚಿತ್ರ ಹಿಡಿಸಿತು. ಆ ಜಾಲಿ, ಆ ಬದು, ಆ ನಿಲುವು ಅವನ ತಂದೆಯದೇ ಆಗಬಹುದಾಗಿತ್ತು. ಹಳೆಯ ಆನೆಬೆನ್ನಿನ ಮೋಡವನ್ನು ಇಲ್ಲಿಗೆ ತರಲು ಅವನ ಮನಸ್ಸು ಒಪ್ಪಲಿಲ್ಲ. ಹೊಸದನ್ನೇ ಕಟ್ಟಲು ಕುಳಿತ. ಜಾಲಿಯ ಎಲೆಗಳ ನಡುವೆ ಮುಸುಕನ್ನು ನುಸುಳಿಸುವುದರಲ್ಲಿಯೇ ಒಂದು ಗಂಟೆ ಕಳೆಯಿತು. ಪಡುವಣದಿಂದ ಏಳುವ ಮೃಗಶಿರದ ಮೊದಲ ಮೋಡ ಹೇಗಿರುತ್ತದೋ ಹಾಗೆ, ಬುಡದಲ್ಲಿ ನೀಲಿಗಪ್ಪು, ನೆತ್ತಿಯಲ್ಲಿ ಬೆಳ್ಳಿಯ ಅಂಚು, ದೂರದಲ್ಲಿ ಆಗಲೇ ಇಳಿಯತೊಡಗಿದ ಮಳೆಯ ಓರೆಗೆರೆಗಳು. ನೆಲಕ್ಕೂ ಒಂದಿಷ್ಟು ನೆರಳು ಹಾಯಿಸಿ ಎರೆಮಣ್ಣಿಗೆ ಹಸಿಯ ಬಣ್ಣ ತಂದ. ಮೂರನೆಯ ಗಂಟೆಗೆ ಕೆಲಸ ಮುಗಿಯಿತು. ಅವನು ಅಲ್ಲಿಯವರೆಗೆ ಮಾಡಿದ ಮೋಡಗಳಲ್ಲೆಲ್ಲ ಅದು ಉತ್ತಮವಾದದ್ದು. ಅವನಿಗೆ ಅದು ಗೊತ್ತಿತ್ತು. ಇಬ್ಬರನ್ನೂ ಒಳಗೆ ಕರೆದ.

ಮಗನ ಮುಖ ಅರಳಿತು. ತಾಯಿ ಪರದೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿದಳು.

“ಇದು ಯಾವತ್ತಿಂದು ಫೋಟೋ ತಮ್ಮಾ?”

“ನಿಮ್ಮ ಮಗಾ ತಗದದ್ದ ಯವ್ವಾ. ಮೋಡ ಅಷ್ಟ ನಾ ಹಾಕೇನಿ.”

“ಇಷ್ಟು ಮೋಡ ಆಗಿದ್ರ ಅವ್ರು ಹಿಂಗ ಕೈಕಟ್ಕೊಂಡು ನಿಂದರತಿದ್ದಿಲ್ಲಪ್ಪ. ಕೂರಿಗಿ ಹೂಡತಿದ್ರು.”

ಯಾರೂ ಮಾತನಾಡಲಿಲ್ಲ. ಅವಳೇ ಮತ್ತೆ ಅಂದಳು: “ತಿಥಿಗೆ ಬಂದ ಮಂದಿ ಇದನ್ನ ನೋಡಿ ಏನಂತಾರ? ಮಳಿ ಹಿಡದು ಬಂದೇತಿ, ಹೊಲ ಹರಗೇತಿ, ಕೂರಿಗಿ ಗಿಡಕ್ಕ ಒರಗೇತಿ, ಈ ಮನಷ್ಯಾ ಬಿತ್ತೂದು ಬಿಟ್ಟು ನಿಂತಾನ, ಎಂಥಾ ಮೈಗಳ್ಳ ಇದ್ದಾನಂತಾರ. ಅವ್ರು ಹಂಗ ಇದ್ದಿಲ್ಲ.”

ಮಗನು ತಾಯಿಗೆ ತಿಳಿಯ ಹೇಳಲು ನೋಡಿದ. ಫೋಟೋ ಚೆಂದ ಕಾಣಬೇಕು, ಈಗ ಎಲ್ಲರೂ ಹೀಗೆಯೇ ಹಾಕಿಸುತ್ತಾರೆ, ಇದನ್ನು ಯಾರು ಅಷ್ಟು ಕೂಲಂಕಷವಾಗಿ ನೋಡುತ್ತಾರೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪೇಟೆಯವರಾರೂ ನೋಡುವುದಿಲ್ಲ. ಆದರೆ ಆ ತಿಥಿಗೆ ಬರುವವರು ಪೇಟೆಯವರಲ್ಲ. ಪ್ರತಿಯೊಬ್ಬನಿಗೂ ಆ ವರ್ಷ ಯಾವ ವಾರ ಹದ ತಪ್ಪಿತೆಂಬುದು ಬಾಯಿಪಾಠವಾಗಿತ್ತು. ಕಪ್ಪು ಮೋಡದ ಕೆಳಗೆ ಕೈಕಟ್ಟಿ ನಿಂತ ಒಕ್ಕಲಿಗನೆಂದರೆ ಅವರ ಕಣ್ಣಿಗೆ ಒಂದೇ ಅರ್ಥ. ಬರಿಯ ಬಾನಿನ ಕೆಳಗೆ ಅದೇ ಕೈಗಳು ಬೇರೆಯೇ ಮಾತನ್ನು ಹೇಳುತ್ತಿದ್ದವು. ನೆಲ ಸಿದ್ಧವಾಗಿದೆ, ಬೀಜ ಸಿದ್ಧವಾಗಿದೆ, ಮನುಷ್ಯ ಸಿದ್ಧನಾಗಿದ್ದಾನೆ, ಬರಬೇಕಾದವನು ಮೇಲಿನವನು. ಚಿತ್ರದ ತುಂಬ ಇದ್ದದ್ದು ಆ ಕಾಯುವಿಕೆ. ತರುಣನು ಮೂರು ಗಂಟೆ ಅದನ್ನೇ ಮುಸುಕಿಟ್ಟು ಮುಚ್ಚಿದ್ದ. ಮೂಗಿನ ನೆರಳನ್ನು ನೋಡಿ ಬೆಳಕಿನ ದಿಕ್ಕನ್ನು ಗುರುತಿಸಬಲ್ಲ ಅವನ ಕಣ್ಣಿಗೆ ಕಟ್ಟಿದ ಕೈಗಳು ಕಂಡಿರಲಿಲ್ಲ.

ಅವನ ಕಿವಿ ಕೆಂಪಾಯಿತು. ತಾನೂ ಒಕ್ಕಲು ಮನೆಯವನೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಪದರಗಳ ಸಾಲಿನಲ್ಲಿ ಪ್ರತಿಯೊಂದರ ಪಕ್ಕಕ್ಕೆ ಕಣ್ಣಿನ ಚಿಕ್ಕ ಗುರುತೊಂದಿರುತ್ತದೆ. ಅದನ್ನು ಒಂದೊಂದಾಗಿ ಒತ್ತಿದ. ಮಳೆಯ ಗೆರೆಗಳು ಹೋದವು. ಬೆಳ್ಳಿಯ ಅಂಚು ಹೋಯಿತು. ಬುಡದ ಕಪ್ಪು ಹೋಯಿತು. ನೆಲವು ಮತ್ತೆ ಒಣಗಿತು. ಮೊದಲಿನ ಬಿಳುಪು ಒಂದು ಎಳೆಯೂ ಹರಿಯದೆ ಕೆಳಗೆ ಇದ್ದೇ ಇತ್ತು.

“ಹಾಂ, ಇವ್ರು ನಮ್ಮವ್ರು” ಎಂದಳು ಅವಳು.

ಅಷ್ಟರಲ್ಲಿ ಹಿರಿಯರು ಒಳಗೆ ಬಂದು ಬೆನ್ನ ಹಿಂದೆ ನಿಂತಿದ್ದರು. ನಡೆದದ್ದನ್ನು ಅವರು ಕೇಳಲಿಲ್ಲ. ಕಸುಬುದಾರನ ಕಣ್ಣು ಬೇರೆ ಕಡೆ ಹೋಗಿತ್ತು. “ಹಿಂಗ ಪೂರಾ ಬಿಳೀ ಬಿಟ್ಟು ಪ್ರಿಂಟ್ ಹಾಕಿದ್ರ ಕಟ್ಟಿನ ಬಿಳಿ ಅಂಚಿನ್ಯಾಗ ಕಲಸಿ ಹೊಕ್ಕೈತಿ, ಫೋಟೋ ಹರದಂಗ ಕಾಣತೈತಿ. ಒಂದೀಟು ಬಣ್ಣ ಕುಡಸಬೇಕು” ಎಂದರು. ಕತ್ತಲೆಕೋಣೆಯಲ್ಲಿ ಬೋಳು ಬಾನು ಬಂದಾಗ ಮುಖವನ್ನು ರಟ್ಟಿನಿಂದ ಮುಚ್ಚಿ, ಮೇಲ್ಭಾಗಕ್ಕಷ್ಟೇ ಇನ್ನೂ ನಾಲ್ಕು ಎಣಿಕೆ ಬೆಳಕು ಕೊಟ್ಟು ತೆಳುವಾದ ಬೂದು ಹಿಡಿಸುವುದು ಅವರ ಕಾಲದ ರೂಢಿ. ಮೋಡವಲ್ಲ, ಬಾನಿದೆಯೆಂಬ ಗುರುತು ಮಾತ್ರ.

ತರುಣನು ಮುದುಕಿಯ ಕಡೆ ತಿರುಗಿ ಕೇಳಿದ: “ಅವತ್ತು ಮುಗಲು ಯಾ ಬಣ್ಣ ಇತ್ತು ಯವ್ವಾ?”

ಅವಳು ಯೋಚಿಸಲೇ ಇಲ್ಲ. “ಜ್ವಾಳದ ಹಿಟ್ಟಿನಂಗ ಇತ್ತು.”

ಜಾಲಿಯ ಎಲೆಗಳ ನಡುವೆ ನುಸುಳಿಸಿದ್ದ ಮುಸುಕು ಹಾಳಾಗಿರಲಿಲ್ಲ. ಅದನ್ನೇ ಹೊಸ ಪದರಕ್ಕೆ ತೊಡಿಸಿ, ಬೂದು ಬೆರೆತ ಮಾಸಲು ಬಿಳಿಯನ್ನು ತುಂಬಿದ. ಅವಳು ತಲೆಯಾಡಿಸಿದಳು, ಇನ್ನೊಂದೀಟು ದೂಳು ಬೇಕೆಂದಳು. ಹಳದಿಯನ್ನು ಎಳ್ಳಷ್ಟು ಏರಿಸಿದ. ಹೆಚ್ಚಾಯಿತು. ಇಳಿಸಿದ. ನಾಲ್ಕನೆಯ ಸಲಕ್ಕೆ ಅವಳು “ಸಾಕು” ಎಂದಳು. ಮೋಡಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ತಾಳ್ಮೆ ಈ ಬರಿಯ ಬಣ್ಣಕ್ಕೆ ಬೇಕಾಯಿತು.

ಸಂಜೆಯ ಹೊತ್ತಿಗೆ ಫೋಟೋ ಕಟ್ಟು ಹಾಕಿ ಸಿದ್ಧವಾಯಿತು. ಮಗ ಹಣ ಎಣಿಸುವಾಗ ‘ಬ್ಯಾಕ್‌ಗ್ರೌಂಡ್ ಚೇಂಜಿ’ನ ಐವತ್ತು ರೂಪಾಯಿಯನ್ನು ಸೇರಿಸಬೇಕೋ ಬೇಡವೋ ಎಂದು ಕೇಳಿದ. ತರುಣ ಬೇಡವೆಂದ. ಹಿರಿಯರು, ಮೂರು ತಾಸು ಕರೆಂಟು ಸುಟ್ಟೇತಿ, ಇಪ್ಪತ್ತಾದ್ರೂ ತಗೋ ಎಂದರು. ತಾಯಿ ಇಪ್ಪತ್ತನ್ನು ಕೊಡಿಸಿಯೇ ಬಿಟ್ಟಳು. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ ಕಟ್ಟನ್ನು ಮಗನ ಕೈಗೆ ಕೊಡದೆ ತಾನೇ ಎದೆಗವಚಿಕೊಂಡು ರಸ್ತೆ ದಾಟಿ ಬಸ್ಸಿನ ಕಡೆಗೆ ನಡೆದಳು.

ಮಳೆಮೋಡದ ಪದರಗಳನ್ನು ತರುಣನು ಅಳಿಸಲಿಲ್ಲ. ಕಣ್ಣು ಮುಚ್ಚಿದಂತೆಯೇ ಅವು 2023ರ ಆ ಹೊಲದ ಕಡತದಲ್ಲಿ ಉಳಿದಿವೆ. ‘ಮುಗಿಲು’ ಫೋಲ್ಡರಿನಲ್ಲಿ ಮಾತ್ರ ಹೊಸದೊಂದು ಸೇರಿದೆ. ‘ಜೋಳದ ಹಿಟ್ಟು’ ಎಂದು ಅದರ ಹೆಸರು. ನೂರಾರು ಮೋಡಗಳ ನಡುವೆ ಮೋಡವಿಲ್ಲದ ಆಕಾಶ ಅದೊಂದೇ. ಇದುವರೆಗೆ ಬೇರೆ ಯಾರೂ ಅದನ್ನು ಕೇಳಿಲ್ಲ.